ಎಂಟು ಕಂಪ್ಯೂಟರ್ ಸೇರಿಸಿದರೆ ಒಂದಕ್ಕಿಂತ ನಿಧಾನ! ಎಂಪಿಐ ಗೊತ್ತಿರುವವರು ಸ್ವಲ್ಪ ನೋಡಿ

ತುಂಗಾತೀರ · ಸೋಮವಾರ ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ನಾನು ಎಂ.ಟೆಕ್. ಎರಡನೇ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗೆ ಅಂತ ನಮ್ಮ ಲ್ಯಾಬಿನ ಎಂಟು ಹಳೇ ಡೆಸ್ಕ್‌ಟಾಪ್‌ಗಳನ್ನು ಸೇರಿಸಿ ಕ್ಲಸ್ಟರ್ ಮಾಡಿದ್ದೇನೆ. ಎಲ್ಲವೂ ನಾಲ್ಕು ಕೋರ್‌ನವು. ಮಧ್ಯೆ ಒಂದು ಗಿಗಾಬಿಟ್ ಸ್ವಿಚ್. ಲಿನಕ್ಸ್, ಅದರ ಮೇಲೆ ಓಪನ್ ಎಂಪಿಐ (ಯಂತ್ರಗಳ ಮಧ್ಯೆ ಮೆಸೇಜು ದಾಟಿಸುವ ಲೈಬ್ರರಿ).

ಲೆಕ್ಕ ದೊಡ್ಡದೇನಲ್ಲ. ಒಂದು ಚೌಕ ತಗಡಿನ ಅಂಚು ಕಾಯಿಸಿದರೆ ಒಳಗೆ ಬಿಸಿ ಹೇಗೆ ಹರಡುತ್ತದೆ ಅನ್ನೋದು. 2000 × 2000 ಚುಕ್ಕಿಗಳು. ಪ್ರತಿ ಸುತ್ತಿನಲ್ಲೂ ಒಂದೊಂದು ಚುಕ್ಕಿ ತನ್ನ ಅಕ್ಕಪಕ್ಕ, ಮೇಲೆ ಕೆಳಗೆ ಇರುವ ನಾಲ್ಕರ ಸರಾಸರಿ ತೆಗೆದುಕೊಳ್ಳುತ್ತದೆ. ತಗಡನ್ನು ಉದ್ದುದ್ದ ಎಂಟು ಪಟ್ಟಿ ಮಾಡಿ ಯಂತ್ರಕ್ಕೊಂದು ಕೊಟ್ಟಿದ್ದೇನೆ. ಸುತ್ತಿಗೊಮ್ಮೆ ಪಟ್ಟಿಯ ಅಂಚಿನ ಬೆಲೆಗಳನ್ನು ಪಕ್ಕದ ಯಂತ್ರಕ್ಕೆ ಕಳಿಸಬೇಕು, ಅಷ್ಟೇ.

ಒಂದೇ ಯಂತ್ರ, ಒಂದೇ ಕೋರ್: 1000 ಸುತ್ತಿಗೆ 10 ಸೆಕೆಂಡ್.
ಎಂಟು ಯಂತ್ರ, ತಲಾ ಒಂದು ಪ್ರೋಸೆಸ್: 1000 ಸುತ್ತಿಗೆ 3 ನಿಮಿಷ 25 ಸೆಕೆಂಡ್!

ಉತ್ತರ ಮಾತ್ರ ಸರಿಯಾಗಿ ಬರ್ತಿದೆ. ಗೈಡ್ ನೋಡಿ ನಕ್ಕರು. ಎಲ್ಲಿ ತಪ್ಪಿದೆ?

ಕೋರ್‌ಮಂಗಲ · ಸೋಮವಾರ ರಾತ್ರಿ 10:58

ಹಳೇ ಯಂತ್ರ, ಸಾದಾ ಈಥರ್ನೆಟ್. ಇಷ್ಟೇ ಬರೋದು. ಒಂದು ಜಿಪಿಯು ಹಾಕಿ, ಒಂದು ಸೆಕೆಂಡ್ ಒಳಗೆ ಮುಗಿಯುತ್ತೆ. ಮೂವತ್ತು ವರ್ಷದ ಹಿಂದಿನ ಎಂಪಿಐ ಇಟ್ಕೊಂಡು ಯಾಕೆ ಒದ್ದಾಡ್ತೀರಾ?

ಅಡಿಕೆಮಂಡಿ · ಸೋಮವಾರ ರಾತ್ರಿ 11:20

ಜಿಪಿಯು ಮಾತು ಆಮೇಲೆ. 10 ಸೆಕೆಂಡಿನದು 205 ಸೆಕೆಂಡ್ ಆಗಿದೆ ಅಂದರೆ ಅದು ಯಂತ್ರದ ವಯಸ್ಸಿನ ತಪ್ಪಲ್ಲ.

ತುಂಗಾತೀರ ಅವರೇ, ಎರಡು ಪ್ರಶ್ನೆ. ಪಟ್ಟಿ ಉದ್ದುದ್ದ ಅಂದಿರಿ, ಅಂದರೆ ಕಂಬಸಾಲಿನ ಪ್ರಕಾರ ಕತ್ತರಿಸಿದ್ದೀರಾ? ಕೋಡ್ ಸಿ ಭಾಷೆಯಲ್ಲಿದೆಯಾ? ಎರಡಕ್ಕೂ ಹೌದು ಅಂದರೆ, ಅಂಚು ಕಳಿಸುವ ಜಾಗದ ನಾಲ್ಕು ಸಾಲು ಇಲ್ಲಿ ಹಾಕಿ.

ತುಂಗಾತೀರ · ಸೋಮವಾರ ರಾತ್ರಿ 11:31

ಎರಡಕ್ಕೂ ಹೌದು ಸರ್. ಸಿ ಭಾಷೆಯಲ್ಲಿ ಒಂದು ಕಂಬಸಾಲಿನ ಬೆಲೆಗಳು ಮೆಮೊರಿಯಲ್ಲಿ ಒಟ್ಟಿಗೆ ಇರಲ್ಲ ಅಲ್ವಾ, ಒಂದೊಂದರ ಮಧ್ಯೆ ಇಡೀ ಅಡ್ಡಸಾಲಿನಷ್ಟು ದೂರ. ಅದಕ್ಕೇ ಲೂಪ್ ಹಾಕಿದೆ. 0ಯಿಂದ 1999ರವರೆಗೆ, ಒಂದೊಂದು ಬೆಲೆಗೂ ಎಡಕ್ಕೆ ಒಂದು ಸೆಂಡ್‌ರಿಸೀವ್ (ಒಂದು ಕಳಿಸಿ ಒಂದು ತಗೊಳ್ಳೋದು), ಬಲಕ್ಕೆ ಒಂದು ಸೆಂಡ್‌ರಿಸೀವ್.

ಅಡಿಕೆಮಂಡಿ · ಸೋಮವಾರ ರಾತ್ರಿ 11:55

ಸಿಕ್ಕಿತು ಕಳ್ಳ.

ನಮ್ಮ ತೋಟದ ಲೆಕ್ಕದಲ್ಲಿ ಹೇಳ್ತೀನಿ. ಮನೆಯಿಂದ ಮಂಡಿಗೆ ಹೋಗಿ ಬರೋಕೆ ಒಂದು ಗಂಟೆ. ಒಂದು ಚೀಲ ಅಡಿಕೆ ಹಾಕಿಕೊಂಡು ಹೋದರೂ ಒಂದು ಗಂಟೆ, ಒಂದು ಅಡಿಕೆ ಜೇಬಲ್ಲಿಟ್ಟುಕೊಂಡು ಹೋದರೂ ಒಂದು ಗಂಟೆ. ನೀವು ಪ್ರತಿ ಸುತ್ತಿನಲ್ಲೂ 4000 ಸಲ ಒಂದೊಂದೇ ಅಡಿಕೆ ತೆಗೆದುಕೊಂಡು ಮಂಡಿಗೆ ಹೋಗಿ ಬರ್ತಿದ್ದೀರಿ.

ಮೆಸೇಜಿನ ಖರ್ಚಿಗೆ ಒಂದು ಹಳೇ ಸೂತ್ರ ಇದೆ. ಸಮಯ = ಆಲ್ಫಾ + ಬೈಟುಗಳು × ಬೀಟಾ. ಆಲ್ಫಾ ಅಂದರೆ ಮೆಸೇಜು ಎಷ್ಟೇ ಚಿಕ್ಕದಿರಲಿ ತೆರಲೇಬೇಕಾದ ಸುಂಕ, ಅದೇ ಲೇಟೆನ್ಸಿ. ಬೀಟಾ ಅಂದರೆ ಒಂದೊಂದು ಬೈಟಿನ ಬಾಡಿಗೆ. ನಿಮ್ಮಂಥ ಗಿಗಾಬಿಟ್ ಈಥರ್ನೆಟ್‌ನಲ್ಲಿ ಆಲ್ಫಾ ಸುಮಾರು 50 ಮೈಕ್ರೋಸೆಕೆಂಡ್. ತಂತಿಯಲ್ಲಿ ಸಾಗುವ ವೇಗ ಸೆಕೆಂಡಿಗೆ ಸುಮಾರು 117 ಮೆಗಾಬೈಟ್.

ಈಗ 4000 × 50 ಮೈಕ್ರೋಸೆಕೆಂಡ್ ಎಷ್ಟು? 200 ಮಿಲಿಸೆಕೆಂಡ್. ಸಾವಿರ ಸುತ್ತಿಗೆ 200 ಸೆಕೆಂಡ್. ನಿಮ್ಮ 3 ನಿಮಿಷ 25 ಸೆಕೆಂಡ್ ಹೆಚ್ಚೂಕಡಿಮೆ ಪೂರ್ತಿ ಇದೇ! ತಗಡಿನ ಲೆಕ್ಕಕ್ಕೆ ಅದರಲ್ಲಿ ಪಾಲೇ ಇಲ್ಲ ಅನ್ನಬಹುದು.

ಅದೇ 2000 ಬೆಲೆಗಳನ್ನು ಒಂದೇ ಮೆಸೇಜಿನಲ್ಲಿ ಕಳಿಸಿದರೆ, ಬೆಲೆಗೆ 8 ಬೈಟಿನಂತೆ 16,000 ಬೈಟು. ಬಾಡಿಗೆ 137 ಮೈಕ್ರೋಸೆಕೆಂಡ್, ಸುಂಕ 50. ಮುಗೀತು.

ದಾರಿ ಎರಡು. ಕಂಬಸಾಲೇ ಬೇಕು ಅಂದರೆ ಎಂಪಿಐನ ಟೈಪ್ ವೆಕ್ಟರ್ ಬಳಸಿ, ಚದುರಿದ ಬೆಲೆಗಳನ್ನು ಅದೇ ಒಟ್ಟು ಮಾಡಿ ಕಳಿಸುತ್ತೆ. ಆದರೆ ನಿಮಗೆ ಆ ತಾಪತ್ರಯ ಬೇಡ. ಸುಮ್ನೆ ತಗಡನ್ನು ಅಡ್ಡ ಕತ್ತರಿಸಿ. ಸಿ ಭಾಷೆಯಲ್ಲಿ ಅಡ್ಡಸಾಲು ಮೆಮೊರಿಯಲ್ಲಿ ಒಟ್ಟಿಗೇ ಇರುತ್ತೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರಲ್ಲ. ಇಲ್ಲಿ ಅಡಿಕೆಗೆ ಹೋದ ಸಮಯ, ಎಂಟು ಆನೆ ಕಟ್ಟಿದರೂ ಬರಲ್ಲ :)

ಮೇಷ್ಟ್ರು_ಹಾಸನ · ಮಂಗಳವಾರ ಬೆಳಿಗ್ಗೆ 6:15

ಗುರುತು ಹಾಕಿಕೊಳ್ತಿದ್ದೇನೆ. ನಮ್ಮ ಹುಡುಗರೂ ಪ್ರತಿ ವರ್ಷ ಇದನ್ನೇ ಮಾಡ್ತಾರೆ.

ಕೋರ್‌ಮಂಗಲ · ಮಂಗಳವಾರ ಬೆಳಿಗ್ಗೆ 9:40

ಆಯ್ತು, ಒಪ್ಪಿದೆ. ಆದರೂ 2000 × 2000 ತಗಡಿಗೆ ಕ್ಲಸ್ಟರ್ ಯಾಕೆ ಅನ್ನೋ ಪ್ರಶ್ನೆ ಹಾಗೇ ಉಳಿದಿದೆ. ಕಂಪ್ಯೂಟರ್ ವಿನ್ಯಾಸಕ ಆಮ್ಡಾಲ್ 1967ರಲ್ಲೇ ಹೇಳಿದ್ದಾರೆ. ಒಬ್ಬರೇ ಮಾಡಬೇಕಾದ ಕೆಲಸ ನೂರಕ್ಕೆ ಐದು ಇದ್ದರೂ ಸಾಕು, ಸಾವಿರ ಪ್ರೊಸೆಸರ್ ಹಾಕಿದರೂ ಇಪ್ಪತ್ತು ಪಟ್ಟಿನ ಮೇಲೆ ಹೋಗಲ್ಲ.

ಹಳೇ_ಟ್ರಾನ್ಸ್‌ಪ್ಯೂಟರ್ · ಮಂಗಳವಾರ ಮಧ್ಯಾಹ್ನ 2:05

ಆಮ್ಡಾಲ್ ಮಾತು ಅದೇ ತಗಡಿಗೆ ಮಾತ್ರ. ಯಂತ್ರ ಜಾಸ್ತಿ ಆದಾಗ ತಗಡನ್ನೂ ದೊಡ್ಡದು ಮಾಡಿದರೆ? ಅಮೆರಿಕದ ಸ್ಯಾಂಡಿಯಾ ಲ್ಯಾಬಿನವರು 1988ರಲ್ಲಿ 1024 ಪ್ರೊಸೆಸರ್‌ನ ಎನ್‌ಕ್ಯೂಬ್ ಮೇಲೆ ಇದನ್ನೇ ಮಾಡಿ ತೋರಿಸಿದರು. ಮೂರು ನಿಜವಾದ ಪ್ರೋಗ್ರಾಂ, ಮೂರರಲ್ಲೂ ಸಾವಿರ ಪಟ್ಟು ದಾಟಿತು. ಗುಸ್ತಾಫ್ಸನ್ ನಿಯಮ ಅಂತ ಈಗ ಪಾಠದಲ್ಲಿ ಬರೋದು ಅದೇ. ಹವಾಮಾನದವರಿಗೆ ಬೇಕಾಗಿರೋದು ಇವತ್ತಿನ ಮುನ್ಸೂಚನೆ ಹತ್ತು ಪಟ್ಟು ಬೇಗ ಅಲ್ಲ. ಅಷ್ಟೇ ಹೊತ್ತಿನಲ್ಲಿ ಇನ್ನೂ ಸಣ್ಣ ಚೌಕಗಳ ನಕ್ಷೆ.

ಹವಾಮಾನ ಅಂದಾಗ ನೆನಪಾಯಿತು. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ 1986ರಲ್ಲೇ ಫ್ಲೋಸಾಲ್ವರ್ ಅಂತ ಸಮಾಂತರ ಕಂಪ್ಯೂಟರ್ ಕಟ್ಟಿದ್ದರು. ನಾಲ್ಕು 8086 ಪ್ರೊಸೆಸರ್, ಪಕ್ಕದಲ್ಲಿ ಲೆಕ್ಕಕ್ಕೆ 8087. ವಿಮಾನದ ಸುತ್ತ ಗಾಳಿ ಹರಿಯುವ ಲೆಕ್ಕಕ್ಕೆ ಅಂತ ಶುರುವಾಗಿದ್ದು, ಮುಂದೆ ಮಾನ್ಸೂನ್ ಲೆಕ್ಕಕ್ಕೂ ಬಂತು. ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್ ಶುರುವಾಗಿದ್ದು 1988ರಲ್ಲಿ, ಅವರ ಸೂಪರ್ ಕಂಪ್ಯೂಟರ್ ಪರಮ್ 8000 ಬಂದಿದ್ದು 1991ರಲ್ಲಿ. ಜನಕ್ಕೆ ಪರಮ್ ಗೊತ್ತು, ಫ್ಲೋಸಾಲ್ವರ್ ಗೊತ್ತಿಲ್ಲ. ನನಗೆ ಇದರ ಬಗ್ಗೆ ಸ್ವಲ್ಪ ಹೊಟ್ಟೆಯುರಿ ಇದೆ, ಮುಚ್ಚಿಡಲ್ಲ.

ಪರಮ್ 8000 ಒಳಗಿದ್ದದ್ದು ಇಂಗ್ಲೆಂಡಿನ ಇನ್ಮಾಸ್ ಕಂಪನಿಯ ಟ್ರಾನ್ಸ್‌ಪ್ಯೂಟರ್. ನಾನು ತೊಂಬತ್ತರ ದಶಕದಲ್ಲಿ ಆ ಚಿಪ್ಪಿನ ಬೋರ್ಡುಗಳ ಮೇಲೇ ಕೆಲಸ ಕಲಿತವನು. ಒಂದೊಂದು ಚಿಪ್ಪಿಗೂ ನಾಲ್ಕು ಲಿಂಕು, ಚಿಪ್ಪಿನಲ್ಲೇ. ಪಕ್ಕದ ಚಿಪ್ಪಿಗೆ ತಂತಿ ಎಳೆದರೆ ಜಾಲ ತಯಾರು. ಲಿಂಕಿನ ವೇಗ ಸೆಕೆಂಡಿಗೆ 20 ಮೆಗಾಬಿಟ್. ಇವತ್ತಿನ ಲೆಕ್ಕದಲ್ಲಿ ನಗು ಬರುತ್ತೆ. ಆದರೆ ಪ್ರೊಸೆಸರ್ ಕೂಡ ಅಷ್ಟೇ ನಿಧಾನ ಇತ್ತಲ್ಲ, ಜೋಡಿ ಸರಿಹೋಗಿತ್ತು. ಈಗ ಲೆಕ್ಕ ಮಾಡೋದು ಓಡಿ ಹೋಗಿದೆ, ಮೆಸೇಜಿನ ಸುಂಕ ಹಿಂದೆ ಉಳಿದಿದೆ. ತುಂಗಾತೀರ ಅವರ ಯಂತ್ರದ ಒಂದು ಕೋರ್ 50 ಮೈಕ್ರೋಸೆಕೆಂಡಿನಲ್ಲಿ 20,000 ಚುಕ್ಕಿ ಮುಗಿಸುತ್ತೆ, ಅವರ ಅಂಕಿಯಲ್ಲೇ ಲೆಕ್ಕ ಹಾಕಿ ನೋಡಿ.

ತುಂಗಾತೀರ · ಬುಧವಾರ ಸಂಜೆ 5:30

ಅಡ್ಡ ಕತ್ತರಿಸಿದೆ. ಒಂದು ಸುತ್ತಿಗೆ 205 ಮಿಲಿಸೆಕೆಂಡ್ ಇದ್ದದ್ದು 4.3ಕ್ಕೆ ಬಂತು! ಅಡಿಕೆಮಂಡಿ ಸರ್, ಧನ್ಯವಾದ.

ಆದರೆ ಎರಡು ತೊಂದರೆ.

ನಿಮ್ಮ ಸೂತ್ರದಲ್ಲಿ ನಾನೇ ಲೆಕ್ಕ ಹಾಕಿದೆ. ಎಂಟು ಯಂತ್ರಕ್ಕೆ ಹಂಚಿದರೆ ಲೆಕ್ಕದ ಪಾಲು 1.25 ಮಿಲಿಸೆಕೆಂಡ್. ಮೇಲಕ್ಕೊಂದು ಕೆಳಕ್ಕೊಂದು ಅಂಚು ಒಂದೇ ತಂತಿಯಲ್ಲಿ ಹೋಗಬೇಕು, ಅದಕ್ಕೆ 0.33. ಕೊನೆಗೆ ಹಿಂದಿನ ಸುತ್ತಿಗೂ ಈ ಸುತ್ತಿಗೂ ಇರುವ ಎಲ್ಲರ ವ್ಯತ್ಯಾಸ ಕೂಡಿಸುವ ಆಲ್‌ರಿಡ್ಯೂಸ್‌ಗೆ ಮೂರು ಹೆಜ್ಜೆ, 0.15. ಒಟ್ಟು 1.75ರ ಹತ್ತಿರ ಬರಬೇಕು. ಬರ್ತಿರೋದು 4.3. ಉಳಿದ ಎರಡೂವರೆ ಎಲ್ಲಿ ಹೋಯ್ತು?

ಇನ್ನೊಂದು ವಿಚಿತ್ರ. ತಗಡನ್ನು 8000 × 8000 ಮಾಡಿದರೆ ಓಡುತ್ತೆ. 10,000 × 10,000 ಮಾಡಿದರೆ ಮೊದಲ ಸುತ್ತಿನಲ್ಲೇ ನಿಂತುಬಿಡುತ್ತೆ. ಎರರ್ ಇಲ್ಲ, ಏನಿಲ್ಲ. ಮೆಮೊರಿ ಬೇಕಾದಷ್ಟು ಖಾಲಿ ಇದೆ. ಹೊಸ ಕೋಡ್ ಓದೋಕೆ ಚೆನ್ನಾಗಿರಲಿ ಅಂತ ಮೊದಲು ಎರಡೂ ಕಡೆಗೆ ಸೆಂಡ್, ಆಮೇಲೆ ಎರಡೂ ಕಡೆಯಿಂದ ರಿಸೀವ್ ಅಂತ ಬರೆದಿದ್ದೇನೆ.

ಹಳೇ_ಟ್ರಾನ್ಸ್‌ಪ್ಯೂಟರ್ · ಬುಧವಾರ ರಾತ್ರಿ 8:10

ಎರಡನೇದು ನನಗೆ ಬಿಡಿ.

ಇಬ್ಬರು ಬಾಗಿಲಲ್ಲಿ ಎದುರುಬದುರು ನಿಂತಿದ್ದಾರೆ. ಇಬ್ಬರ ಕೈಯಲ್ಲೂ ತುಂಬಿದ ಕೊಡ. ‘ಮೊದಲು ನನ್ನ ಕೊಡ ಹಿಡ್ಕೊಳ್ಳಿ, ಆಮೇಲೆ ನಿಮ್ಮದು ಹಿಡೀತೀನಿ’ ಅಂತ ಇಬ್ಬರೂ ಅಂದರೆ ಸಾಯಂಕಾಲದವರೆಗೂ ಅಲ್ಲೇ ನಿಂತಿರಬೇಕು. ನಿಮ್ಮ 0ನೇ ಪ್ರೋಸೆಸ್ ಮತ್ತು 1ನೇ ಪ್ರೋಸೆಸ್ ಹಾಗೇ ನಿಂತಿವೆ.

ಹಾಗಾದರೆ 8000ಕ್ಕೆ ಹೇಗೆ ಓಡಿತು? ಮೆಸೇಜು ಚಿಕ್ಕದಿದ್ದರೆ ಎಂಪಿಐ ಲೈಬ್ರರಿ ಒಂದು ಉಪಕಾರ ಮಾಡುತ್ತೆ. ಆಚೆಯವರು ಕೈ ಚಾಚುವವರೆಗೆ ಕಾಯದೆ ಕಳಿಸಿಬಿಡುತ್ತೆ, ಆಚೆ ಕಡೆ ಒಂದು ಬಫರ್‌ನಲ್ಲಿ ಇಳಿಸಿಕೊಳ್ಳುತ್ತೆ. ಸೆಂಡ್ ತಕ್ಷಣ ಮುಗೀತು ಅನಿಸುತ್ತೆ. ಇದಕ್ಕೆ ಈಗರ್ ಅಂತಾರೆ. ಓಪನ್ ಎಂಪಿಐನಲ್ಲಿ ಟಿಸಿಪಿ (ಸಾದಾ ಈಥರ್ನೆಟ್ ಮೇಲೆ ಬಳಸುವ ನಿಯಮಾವಳಿ) ಮೇಲೆ ಇದರ ಮಿತಿ ಸಾಮಾನ್ಯವಾಗಿ 65,536 ಬೈಟು. ಅದಕ್ಕಿಂತ ದೊಡ್ಡದಾದರೆ ‘ಕಳಿಸಲಾ?’ ಅಂತ ಕೇಳಿ, ಆಚೆಯವರು ‘ಹೂಂ’ ಅಂದ ಮೇಲೆ ಕಳಿಸುತ್ತೆ. ಅದು ರಾಂಡೆವೂ.

8000 ಬೆಲೆ ಅಂದರೆ 64,000 ಬೈಟು, ಮಿತಿಯ ಒಳಗೆ. 10,000 ಬೆಲೆ ಅಂದರೆ 80,000 ಬೈಟು, ಹೊರಗೆ. ತಪ್ಪು ನಿಮ್ಮ ಕೋಡಿನಲ್ಲಿ ಮೊದಲಿಂದ ಇತ್ತು. ಬಫರ್ ಅದನ್ನು ಮುಚ್ಚಿಟ್ಟಿತ್ತು.

ಟ್ರಾನ್ಸ್‌ಪ್ಯೂಟರ್‌ನಲ್ಲಿ ಈ ಸೌಕರ್ಯ ಇರಲಿಲ್ಲ. ಆಕಮ್ ಭಾಷೆಯಲ್ಲಿ ಚಾನೆಲ್ ಅಂದರೆ ಕೈಯಿಂದ ಕೈಗೆ. ಕೊಡುವವ, ತಗೊಳ್ಳುವವ ಇಬ್ಬರೂ ಬಂದರೆ ಮಾತ್ರ ಮೆಸೇಜು ದಾಟುತ್ತೆ. ಇಂಥ ತಪ್ಪು ಮಾಡಿದರೆ ಒಂದು ಬೈಟಿಗೂ ಅಲ್ಲೇ ನಿಲ್ಲುತ್ತಿತ್ತು. ಆಗ ಬೈದುಕೊಂಡಿದ್ದೇನೆ. ಈಗ ಅನಿಸುತ್ತೆ, ಕಲಿಯೋರಿಗೆ ಅದೇ ಒಳ್ಳೇದಿತ್ತು. ನಿಮ್ಮ ಹೊಸ ಕೋಡಿನಲ್ಲಿ ಸೆಂಡ್ ಬದಲು ಎಸ್‌ಸೆಂಡ್ ಹಾಕಿ ಒಂದು ಸಲ ಓಡಿಸಿ, 2000ಕ್ಕೂ ನಿಲ್ಲುತ್ತೆ. ಎಸ್‌ಸೆಂಡ್ ಬಫರಿನ ದಾಕ್ಷಿಣ್ಯ ಇಟ್ಟುಕೊಳ್ಳಲ್ಲ. ಪರೀಕ್ಷೆಗೆ ನಾನು ಈಗಲೂ ಅದನ್ನೇ ಬಳಸೋದು.

ಸರಿಮಾಡೋಕೆ: ಮೊದಲು ಎರಡು ಐರಿಸೀವ್, ಆಮೇಲೆ ಎರಡು ಐಸೆಂಡ್ (ಇವು ಕಾಯದೆ ಮುಂದೆ ಹೋಗುವ ರಿಸೀವ್, ಸೆಂಡ್), ಕೊನೆಗೆ ಎಲ್ಲ ಮುಗಿಯುವವರೆಗೆ ಕಾಯುವ ವೇಟ್‌ಆಲ್.

ರೈನ್‌ದಡದ_ಕನ್ನಡಿಗ · ಬುಧವಾರ ರಾತ್ರಿ 11:48

ಜರ್ಮನಿಯಿಂದ. ಹವಾಮಾನದ ಕೋಡ್ ಇಟ್ಟುಕೊಂಡೇ ನನ್ನ ದಿನ ಕಳೆಯೋದು. ಮೇಲಿನದಕ್ಕೆ ಒಂದು ಮಾತು ಸೇರಿಸ್ತೀನಿ.

ಐರಿಸೀವ್, ಐಸೆಂಡ್ ಹಾಕಿದ ಮೇಲೆ ತಕ್ಷಣ ವೇಟ್‌ಆಲ್ ಹಾಕಬೇಡಿ. ಪಟ್ಟಿಯ ಒಳಗಿನ ಚುಕ್ಕಿಗಳಿಗೆ ನೆರೆಯವರ ಅಂಚು ಬೇಕಿಲ್ಲ. ಮೆಸೇಜು ಹಾದಿಯಲ್ಲಿದ್ದಾಗ ಅವನ್ನು ಮುಗಿಸಿಬಿಡಿ. ಆಮೇಲೆ ವೇಟ್‌ಆಲ್, ಆಮೇಲೆ ಅಂಚಿನ ಎರಡು ಸಾಲು. ಅನ್ನ ಬೇಯುವಾಗ ಸಾರಿಗೆ ಒಗ್ಗರಣೆ ಹಾಕಿದ ಹಾಗೆ. ಆದರೆ ಪೂರ್ತಿ 0.33 ಉಳಿಯುತ್ತೆ ಅಂದುಕೊಳ್ಳಬೇಡಿ. ಟಿಸಿಪಿಯಲ್ಲಿ ಬೈಟು ತಳ್ಳೋ ಕೆಲಸವನ್ನು ನಿಮ್ಮ ಪ್ರೊಸೆಸರೇ ಮಾಡಬೇಕು. ಇನ್ಫಿನಿಬ್ಯಾಂಡ್‌ನಂಥ ಜಾಲದಲ್ಲಿ ಕಾರ್ಡೇ ಆ ಕೆಲಸ ನೋಡಿಕೊಳ್ಳುತ್ತೆ. ಅಲ್ಲಿ ಸುಂಕವೂ ಒಂದೆರಡು ಮೈಕ್ರೋಸೆಕೆಂಡ್ ಅಷ್ಟೇ.

ಕಾಣೆಯಾದ ಎರಡೂವರೆ ಮಿಲಿಸೆಕೆಂಡ್ ಬಗ್ಗೆ ಓದುವಾಗ ಆಸ್ಕಿ ಕ್ಯೂ ಕಥೆ ನೆನಪಾಯಿತು. ಅಮೆರಿಕದ ಲಾಸ್ ಅಲಾಮಸ್ ಲ್ಯಾಬಿನ ಯಂತ್ರ, 8192 ಪ್ರೊಸೆಸರ್, ಒಂದೊಂದು ನೋಡಿನಲ್ಲಿ (ಅಂದರೆ ಜಾಲದ ಒಂದೊಂದು ಕಂಪ್ಯೂಟರಿನಲ್ಲಿ) ನಾಲ್ಕು. ಅವರ ಹತ್ತಿರ ನಿಮ್ಮ ಸೂತ್ರದಂಥದ್ದೇ, ಇನ್ನೂ ವಿವರವಾದ ಲೆಕ್ಕ ಇತ್ತು. ಯಂತ್ರ ಓಡ್ತಿದ್ದದ್ದು ಆ ಲೆಕ್ಕದ ಅರ್ಧ ವೇಗದಲ್ಲಿ. ಇನ್ನೊಂದು ತಮಾಷೆ ಅಂದರೆ, ನೋಡಿಗೆ ನಾಲ್ಕರಲ್ಲಿ ಮೂರೇ ಪ್ರೊಸೆಸರ್ ಬಳಸಿದರೆ ಜಾಸ್ತಿ ವೇಗ! ಜಾಲದಲ್ಲಿ ದೋಷ ಇರಲಿಲ್ಲ. ನೋಡುಗಳಲ್ಲಿ ಆಪರೇಟಿಂಗ್ ಸಿಸ್ಟಂನ ಚಿಲ್ಲರೆ ಕೆಲಸಗಳು ಓಡ್ತಿದ್ದವು, ಒಂದೊಂದರಲ್ಲಿ ಒಂದೊಂದು ಹೊತ್ತಿಗೆ. ಒಬ್ಬರಿಗೆ ಆಗ ಸೀನು, ಇನ್ನೊಬ್ಬರಿಗೆ ಈಗ ಕೆಮ್ಮು. ಆಲ್‌ರಿಡ್ಯೂಸ್ ಬಂದಾಗ ಎಲ್ಲರೂ ಕೊನೆಯವನಿಗೆ ಕಾಯಬೇಕು. ಸಾವಿರಾರು ಜನ ಇದ್ದರೆ ಯಾವಾಗಲೂ ಯಾರೋ ಒಬ್ಬರು ಸೀನ್ತಾನೇ ಇರ್ತಾರೆ. ಬೇಡದ ಕೆಲಸಗಳನ್ನು ತೆಗೆದುಹಾಕಿದ ಮೇಲೆ ವೇಗ ಸುಮಾರು ಎರಡು ಪಟ್ಟಾಯಿತು. 2003ರಲ್ಲಿ ಅವರೇ ಇದನ್ನು ಪ್ರಕಟಿಸಿದರು.

ನಿಮ್ಮದು ಎಂಟೇ ಯಂತ್ರ. ಸೀನು ಇಷ್ಟು ದೊಡ್ಡದಿರಲ್ಲ. ಬೇರೇನೋ ಇದೆ.

ಅಡಿಕೆಮಂಡಿ · ಗುರುವಾರ ಬೆಳಿಗ್ಗೆ 8:02

ಹೌದು, ಅಷ್ಟು ದೊಡ್ಡ ತೂತು ಸೀನಿನದ್ದಲ್ಲ. ಊಹೆ ಬಿಟ್ಟು ಅಳೆಯಿರಿ. ಓಹಾಯೋ ಸ್ಟೇಟ್ ಯೂನಿವರ್ಸಿಟಿಯವರ ಮೈಕ್ರೋಬೆಂಚ್‌ಮಾರ್ಕ್ ಉಚಿತವಾಗಿ ಸಿಗುತ್ತೆ. ಅದರಲ್ಲಿ ಲೇಟೆನ್ಸಿ ಪರೀಕ್ಷೆ, ಬ್ಯಾಂಡ್‌ವಿಡ್ತ್ ಪರೀಕ್ಷೆ ಎರಡನ್ನೂ ಜೋಡಿ ಜೋಡಿಯಾಗಿ ಓಡಿಸಿ. 1–2, 1–3, 1–4 ಹೀಗೆ. ಎಲ್ಲ ಜೋಡಿಯದ್ದೂ ಬರೆದುಕೊಳ್ಳಿ. ಸರಾಸರಿ ತೆಗೆಯಬೇಡಿ.

ತುಂಗಾತೀರ · ಗುರುವಾರ ಮಧ್ಯಾಹ್ನ 3:26

ಲೇಟೆನ್ಸಿ ಎಲ್ಲ ಜೋಡಿಗೂ 47ರಿಂದ 53ರ ಮಧ್ಯೆ. ಬ್ಯಾಂಡ್‌ವಿಡ್ತ್ ಎಲ್ಲರದ್ದೂ 117, 116, 117... ಐದನೇ ಯಂತ್ರ ಮಾತ್ರ 11.7!

ಲಿಂಕಿನ ವೇಗ ತೋರಿಸುವ ಈಥ್‌ಟೂಲ್ ಹಾಕಿ ನೋಡಿದೆ. ಏಳು ಯಂತ್ರ ಸೆಕೆಂಡಿಗೆ 1000 ಮೆಗಾಬಿಟ್, ಐದನೇದು 100. ಸ್ವಿಚ್ ಹತ್ತಿರ ಹೋದರೆ ಏಳು ದೀಪ ಹಸಿರು, ಒಂದು ಕಿತ್ತಳೆ. ನಾಲ್ಕು ತಿಂಗಳಿಂದ ದಿನಾ ನೋಡ್ತಿದ್ದೇನೆ ಆ ಕಿತ್ತಳೆ ದೀಪಾನ. ಕೇಬಲ್ ಕಿತ್ತು ನೋಡಿದರೆ ತುದಿಯ ಪ್ಲಗ್ ಒಳಗೆ ಒಂದು ತಂತಿ ಹಿಂದಕ್ಕೆ ಸರಿದಿದೆ.

ಅಡಿಕೆಮಂಡಿ · ಗುರುವಾರ ಮಧ್ಯಾಹ್ನ 3:41

ಇಲ್ಲೇ ಇದೆ ನಿಮ್ಮ ಎರಡೂವರೆ. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು. 100 ಮೆಗಾಬಿಟ್‌ಗೆ ನಾಲ್ಕು ಸಾಕು. ಒಂದು ತಂತಿ ಸರಿ ಇಲ್ಲ ಅಂದಾಗ ಕಾರ್ಡು ತೆಪ್ಪಗೆ 100ಕ್ಕೆ ಇಳಿದಿದೆ. ಐದನೇ ಯಂತ್ರದಿಂದ ಎರಡು ಅಂಚು ಹೋಗೋಕೆ 0.27 ಬದಲು 2.7 ಮಿಲಿಸೆಕೆಂಡ್. ಉಳಿದ ಏಳೂ ಅದಕ್ಕೆ ಕಾಯ್ತಾ ಕೂತಿದ್ದವು. ಜೋಡಿ ಎತ್ತಿನಲ್ಲಿ ಒಂದು ಕುಂಟಿದರೆ ಗಾಡಿಯೇ ಕುಂಟುತ್ತೆ.

ಕೋರ್‌ಮಂಗಲ · ಗುರುವಾರ ಸಂಜೆ 6:15

ಹಹ್ಹಾ, ಕೇಬಲ್! ನನ್ನ ಮಾತು ವಾಪಸ್ ತಗೊಳ್ತೀನಿ, ಹಳೇ ಯಂತ್ರದ್ದಲ್ಲ.

ಒಂದು ನಿಜವಾದ ಪ್ರಶ್ನೆ. ನಮ್ಮ ಆಫೀಸಿನಲ್ಲಿ ಮಾಡೆಲ್ ಟ್ರೇನಿಂಗ್ ಮಾಡುವಾಗ ಜಿಪಿಯುಗಳ ಮಧ್ಯೆ ರಿಂಗ್ ಆಲ್‌ರಿಡ್ಯೂಸ್ ಅಂತ ಬರುತ್ತೆ. ಅದೂ ಇದೂ ಒಂದೇನಾ?

ರೈನ್‌ದಡದ_ಕನ್ನಡಿಗ · ಶುಕ್ರವಾರ ರಾತ್ರಿ 12:20

ಕೆಲಸ ಒಂದೇ, ದಾರಿ ಬೇರೆ. ಮೂವತ್ತು ವರ್ಷದ ಹಿಂದಿನದು ಅಂದಿರಲ್ಲ, ಎಂಪಿಐ ಮೊದಲ ಆವೃತ್ತಿ 1994ರದ್ದು, ಆಲ್‌ರಿಡ್ಯೂಸ್ ಅದರಲ್ಲೇ ಇತ್ತು. ನಿಮ್ಮ ಜಿಪಿಯುಗಳು ಬಳಸೋದೂ ಅದೇ ಹೆಸರನ್ನ :)

ತುಂಗಾತೀರ ಅವರು ಕೂಡಿಸುತ್ತಿರೋದು ಒಂದೇ ಅಂಕಿ, 8 ಬೈಟು. ಅಲ್ಲಿ ಬಾಡಿಗೆ ಲೆಕ್ಕಕ್ಕೇ ಇಲ್ಲ, ಸುಂಕವೇ ಎಲ್ಲ. ಅದಕ್ಕೆ ಹೆಜ್ಜೆ ಕಮ್ಮಿ ಇರಬೇಕು. ಮೊದಲು ಪಕ್ಕದವರ ಜೊತೆ ಅದಲುಬದಲು, ಆಮೇಲೆ ಎರಡು ಮನೆ ಆಚೆ, ಆಮೇಲೆ ನಾಲ್ಕು ಮನೆ ಆಚೆ. ಎಂಟು ಜನಕ್ಕೆ ಮೂರೇ ಹೆಜ್ಜೆ.

ನಿಮ್ಮದು ಗಿಗಾಬೈಟ್‌ಗಟ್ಟಲೆ ಗ್ರೇಡಿಯಂಟ್ (ಮಾಡೆಲ್ ತಿದ್ದುವ ಅಂಕಿಗಳು). ಅಲ್ಲಿ ಬಾಡಿಗೆಯೇ ಎಲ್ಲ. ರಿಂಗ್‌ನಲ್ಲಿ ಎಲ್ಲರೂ ಸುತ್ತ ಕೂತು ಪಕ್ಕದವರಿಗೆ ದಾಟಿಸ್ತಾ ಹೋಗೋದು; ಹೆಜ್ಜೆ ಜಾಸ್ತಿ, ಎಂಟು ಜನಕ್ಕೆ ಹದಿನಾಲ್ಕು. ಆದರೆ ಪ್ರತಿ ಹೆಜ್ಜೆಯಲ್ಲೂ ಎಂಟನೇ ಒಂದು ಭಾಗ ಮಾತ್ರ ಸಾಗುತ್ತೆ. ಎಷ್ಟೇ ಜನ ಇರಲಿ, ಒಬ್ಬೊಬ್ಬರು ಕಳಿಸೋದು ಒಟ್ಟು ಗಾತ್ರದ ಎರಡು ಪಟ್ಟು ದಾಟಲ್ಲ. 8 ಬೈಟಿಗೆ ರಿಂಗ್ ಹಾಕಿದರೆ ದಡ್ಡತನ, ಗಿಗಾಬೈಟಿಗೆ ಮೂರು ಹೆಜ್ಜೆಯದು ಹಾಕಿದರೂ ದಡ್ಡತನ. ಒಳ್ಳೇ ಲೈಬ್ರರಿ ಗಾತ್ರ ನೋಡಿ ತಾನೇ ಆರಿಸಿಕೊಳ್ಳುತ್ತೆ.

ಹಳೇ_ಟ್ರಾನ್ಸ್‌ಪ್ಯೂಟರ್ · ಶುಕ್ರವಾರ ಬೆಳಿಗ್ಗೆ 7:05

ಇದೇ ಮಾತಿಗೆ ಒಂದು ಬಾಲ. ಕೂಡಿಸೋ ಕೆಲಸಾನ ಪ್ರೊಸೆಸರ್ ಯಾಕೆ ಮಾಡಬೇಕು, ಮೆಸೇಜು ಹಾದು ಹೋಗೋ ಸ್ವಿಚ್ಚೇ ಮಾಡಲಿ ಅಂತ ಫ್ಲೋಸಾಲ್ವರ್ ಗುಂಪು ಫ್ಲೋಸ್ವಿಚ್ ಮಾಡಿತ್ತು. ಐಬಿಎಂನ ಸೂಪರ್ ಕಂಪ್ಯೂಟರ್ ಬ್ಲೂ ಜೀನ್‌ನಲ್ಲಿ ಕೂಡಿಸೋಕೆ ಅಂತಲೇ ಮರದಾಕಾರದ ಬೇರೆ ಜಾಲ ಇತ್ತು. ಈಗ ಇನ್ಫಿನಿಬ್ಯಾಂಡ್ ಸ್ವಿಚ್‌ಗಳಲ್ಲೂ ಇದೆ. ಹೊಸದು ಅಂತ ಮಾರುವಾಗ ನನಗೆ ನಗು ಬರುತ್ತೆ.

ತುಂಗಾತೀರ · ಶುಕ್ರವಾರ ಸಂಜೆ 6:50

ಹೊಸ ಕೇಬಲ್ ಹಾಕಿದೆ. ಐರಿಸೀವ್, ಐಸೆಂಡ್ ಹಾಕಿದೆ. 10,000ಕ್ಕೂ ನಿಲ್ಲುತ್ತಿಲ್ಲ. 2000ಕ್ಕೆ ಸುತ್ತಿಗೆ 1.8 ಮಿಲಿಸೆಕೆಂಡ್. ವ್ಯತ್ಯಾಸವನ್ನು 50 ಸುತ್ತಿಗೊಮ್ಮೆ ಮಾತ್ರ ಕೂಡಿಸಿದರೆ 1.65. ಎಂಟು ಯಂತ್ರಕ್ಕೆ ಆರು ಪಟ್ಟು!

ನಾಲ್ಕೂ ಕೋರ್ ಬಳಸಿ 32 ಪ್ರೋಸೆಸ್ ಹಾಕಿದರೆ ಮಾತ್ರ ಮತ್ತೆ 1.9 ಆಗ್ತಿದೆ. ಇದೇನು?

ಅಡಿಕೆಮಂಡಿ · ಶುಕ್ರವಾರ ಸಂಜೆ 7:14

ಓಡಿಸುವ ಕಮಾಂಡಿನಲ್ಲಿ ಮ್ಯಾಪ್-ಬೈ ನೋಡ್ ಅಂತ ಹಾಕಿದ್ದೀರಾ? ಹಾಗೆ ಹಾಕಿದರೆ 0ನೇದು ಮೊದಲ ಯಂತ್ರದಲ್ಲಿ, 1ನೇದು ಎರಡನೇದರಲ್ಲಿ, ಹೀಗೆ ಇಸ್ಪೀಟ್ ಎಲೆ ಹಂಚಿದ ಹಾಗೆ ಹಂಚುತ್ತೆ. ಆಗ ಎಲ್ಲ ನೆರೆಯವರೂ ಬೇರೆ ಬೇರೆ ಊರಲ್ಲಿ. ಒಂದು ಯಂತ್ರದಿಂದ ಎರಡು ಅಂಚಿನ ಬದಲು ಎಂಟು ಅಂಚು ಹೊರಗೆ ಹೋಗಬೇಕು, ತಂತಿಗೇ 1.1 ಮಿಲಿಸೆಕೆಂಡ್ ಬೇಕು. ಮ್ಯಾಪ್-ಬೈ ಕೋರ್, ಬೈಂಡ್-ಟು ಕೋರ್ ಹಾಕಿ. ಪಕ್ಕದ ಪಟ್ಟಿಗಳು ಒಂದೇ ಯಂತ್ರದಲ್ಲಿ ಕೂತರೆ ಮೆಮೊರಿಯಲ್ಲೇ ಮಾತಾಡಿಕೊಳ್ಳುತ್ತವೆ.

ನಾಲ್ಕು ಕೋರ್‌ಗೆ ನಾಲ್ಕು ಪಟ್ಟು ಮಾತ್ರ ಕೇಳಬೇಡಿ. ಈ ಲೆಕ್ಕದಲ್ಲಿ ಕೋರ್‌ಗಿಂತ ಮೊದಲು ಮೆಮೊರಿಗೆ ಸುಸ್ತಾಗುತ್ತೆ.

ತುಂಗಾತೀರ · ಶುಕ್ರವಾರ ರಾತ್ರಿ 8:33

1.1ಕ್ಕೆ ಬಂತು! ಗೈಡ್‌ಗೆ ಗ್ರಾಫ್ ಕಳಿಸಿದೆ. ಈ ಸಲ ನಗಲಿಲ್ಲ, ‘ದೊಡ್ಡ ತಗಡಿಗೂ ಹಾಕಿ ತೋರಿಸು’ ಅಂದರು.

ಮೇಷ್ಟ್ರು_ಹಾಸನ · ಶುಕ್ರವಾರ ರಾತ್ರಿ 9:10

ಇಡೀ ಚರ್ಚೆ ಪ್ರಿಂಟ್ ತೆಗೆದುಕೊಂಡೆ, ಸೋಮವಾರದ ಲ್ಯಾಬಿಗೆ. ಅಂದ ಹಾಗೆ, ಆ ಕೆಟ್ಟ ಕೇಬಲ್ ಏನು ಮಾಡಿದಿರಿ?

ತುಂಗಾತೀರ · ಶುಕ್ರವಾರ ರಾತ್ರಿ 9:12

ಲ್ಯಾಬ್ ಅಟೆಂಡರ್ ಅಣ್ಣ ಸುತ್ತಿ ಡ್ರಾಯರ್‌ನಲ್ಲಿ ಇಟ್ಟರು. ಬೇಕಾಗುತ್ತೆ ಅಂದರು.

ಅಡಿಕೆಮಂಡಿ · ಶುಕ್ರವಾರ ರಾತ್ರಿ 9:13

ಅಯ್ಯೋ! ನಾಳೆ ಬೆಳಿಗ್ಗೆ ಮೊದಲು ಹೋಗಿ ಅದರ ತುದಿ ಕತ್ತರಿಸಿ ಬನ್ನಿ.